ಒಂಬತ್ತನೇ ಪ್ರಶ್ನೆಯ ಮುಂದಿನ ಗೆರೆ

ಮಾರ್ಚ್ 4, ಸೋಮವಾರ. ಸಂಜೆ 6.40

ಬೆಳಿಗ್ಗೆ ಎರಡು ಮನೆ ಭೇಟಿ. ಒಂದಕ್ಕೆ ಬೀಗ. ಇನ್ನೊಂದರಲ್ಲಿ ಮುದುಕ ಬಾಗಿಲಿಗೇ ಅಡ್ಡ ನಿಂತು, "ಬಂದ್ಳು ನೋಡ್ರಪ್ಪಾ, ಸಂಸಾರ ಒಡೆಯೋ ಇಲಾಖೆ" ಎಂದ. ಕುಡಿಯಲು ನೀರು ಕೇಳಿದೆ. ಗೊಣಗುತ್ತಲೇ ತಂದುಕೊಟ್ಟ. ಹದಿನಾಲ್ಕು ವರ್ಷದಲ್ಲಿ ಕಲಿತದ್ದು ಇಷ್ಟೇ — ಬೈದವರ ಮನೆಯಲ್ಲಿ ನೀರು ಕೇಳಬೇಕು.

ಅಕ್ಕ ಹೋಗಿ ಐವತ್ತೊಂದು ದಿನ. ಇದ್ದಿದ್ದರೆ ಈ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದಳು. ದಿನಾ ಸಂಜೆ ಕೇಸುಗಳನ್ನೆಲ್ಲ ಅವಳಿಗೆ ಹೇಳುತ್ತಿದ್ದೆ. ಹೇಳಬಾರದೆಂದು ನಿಯಮ. ಹೆಸರು ಬಿಟ್ಟು ಹೇಳುತ್ತಿದ್ದೆ. ಇಲ್ಲೂ ಹೆಸರು ಬರೆಯುವುದಿಲ್ಲ.

ಮೂರು ಗಂಟೆಗೆ ನಮ್ಮ ಮಹಿಳಾ ಸಹಾಯ ಕೇಂದ್ರಕ್ಕೆ ಒಬ್ಬಳು ಬಂದಳು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಇಪ್ಪತ್ತಾರು ವಯಸ್ಸು. ಎಡ ಮುಂಗೈ ಮೇಲೆ ಸುಟ್ಟ ಗಾಯ, ಇಸ್ತ್ರಿ ಪೆಟ್ಟಿಗೆಯ ಮೂತಿಯ ಆಕಾರ.

"ಕೆಲಸದಲ್ಲಿ ಆಗಿದ್ದಾ?"

"ಕೆಲಸದಲ್ಲಿ ಒಂದಿನಾನೂ ಸುಟ್ಕೊಂಡಿಲ್ಲಮ್ಮಾ. ಇದು ಮನೇದು."

ಗಂಡ ಶಾಲಾ ವ್ಯಾನಿನ ಡ್ರೈವರ್. ಮಕ್ಕಳು ಮಾಮಾ ಮಾಮಾ ಎಂದು ಮುತ್ತಿಕೊಳ್ಳುತ್ತಾರಂತೆ. ನಾಲ್ಕು ವರ್ಷದ ಮಗಳನ್ನು ತನ್ನ ತಾಯಿಯ ಮನೆಯಲ್ಲಿ ಇಟ್ಟಿದ್ದಾನೆ. ಇವಳು ಮಾತು ಕೇಳಿದ ವಾರ ಮಗು ತೋರಿಸುತ್ತಾನೆ.

ಫಾರಂ ತೆಗೆದೆ. ಹನ್ನೆರಡು ಪ್ರಶ್ನೆ, ಅಪಾಯ ಅಳೆಯುವುದಕ್ಕೆ. ಎಂಟು ಅಂಕ ದಾಟಿದರೆ ಆಶ್ರಯ ಮನೆಯಲ್ಲಿ ಹಾಸಿಗೆ. ಒಂಬತ್ತನೇ ಪ್ರಶ್ನೆಗೆ ಮಾತ್ರ ಅಂಕದ ಲೆಕ್ಕವಿಲ್ಲ. ಅವನು ನಿಮ್ಮ ಕತ್ತು ಹಿಸುಕಿದ್ದಾನೆಯೇ? ಹೌದು ಎಂದರೆ ಕೆಂಪು. ಅಂದೇ ಹಾಸಿಗೆ, ಅಂದೇ ಪೊಲೀಸರಿಗೆ ತಿಳಿಸಬೇಕು.

ಅವಳು ಸ್ಕಾರ್ಫ್ ಬಿಚ್ಚಿದಳು. ಕೊರಳಿನ ಎರಡೂ ಕಡೆ ಬೆರಳಿನ ಗುರುತು, ಹಳದಿಗೆ ತಿರುಗಿದ್ದು. ಎಡಗಣ್ಣಿನ ಬಿಳಿಯಲ್ಲಿ ರಕ್ತದ ಚುಕ್ಕೆ.

"ಕಣ್ಣು ಕತ್ಲೆ ಬಂದ್ಬಿಡ್ತು. ಎದ್ದಾಗ ಬಟ್ಟೆ ಒದ್ದೆ ಆಗಿತ್ತು. ನೆಲ ನೀನೇ ಒರ್ಸು ಅಂದ."

ಬರೆಯಲು ಹೋದೆ. ಪೆನ್ನು ಹಿಡಿದ ಕೈ ಮೇಲೆ ಕೈ ಇಟ್ಟಳು.

"ಬರೀಬೇಡಿ. ಪೊಲೀಸ್ ಮನೆಗೆ ಬಂದ್ರೆ ಮಗೂನ ಮುಗಿಸ್ತೀನಿ ಅಂದಿದ್ದಾನೆ. ಶುಕ್ರವಾರದ ತನಕ ಟೈಮ್ ಕೊಡಿ. ಮಗೂನ ಈಚೆ ತಂದ್ಬಿಡ್ತೀನಿ, ಆಮೇಲೆ ಬರ್ಕೊಳ್ಳಿ. ನಿಮ್ಮನ್ನ ನಂಬಿ ಹೇಳಿದ್ದು."

ಹ್ಞೂಂ ಎಂದೆ. ಒಂಬತ್ತರ ಮುಂದೆ ಗೆರೆ ಎಳೆದೆ.

ಆ ಗೆರೆ ನನ್ನ ಮತ್ತು ಕೌನ್ಸೆಲರ್ ಮೇಡಂ ನಡುವಿನದು. ಎಲ್ಲೂ ಬರೆದಿಟ್ಟ ಪದ್ಧತಿಯಲ್ಲ. ಗೆರೆ ಕಂಡರೆ ಅವರು ಅವಳನ್ನು ಒಬ್ಬಳನ್ನೇ ಕರೆದು ಮತ್ತೆ ಕೇಳುತ್ತಾರೆ. ಏನಾದರೂ ದಾರಿ ಹುಡುಕುತ್ತಾರೆ. ಇಂದು ಕೋರ್ಟಿಗೆ ಹೋಗಿದ್ದರು. ನಾಳೆ ಬೆಳಿಗ್ಗೆ ನೋಡುತ್ತಾರೆ.

ಮಾರ್ಚ್ 5

ಮೇಡಂ ಬರಲಿಲ್ಲ. ಫೋನ್ ಮಾಡಿದರೆ ಗಂಡ ಎತ್ತಿದರು. ಅಪೆಂಡಿಕ್ಸ್, ಬೆಳಗಿನ ಜಾವವೇ ಆಪರೇಷನ್. ಅಂಥವರ ಹತ್ತಿರ ಕೇಸಿನ ಮಾತು ಎತ್ತುವುದು ಹೇಗೆ... ಇಟ್ಟುಬಿಟ್ಟೆ.

ಮೇಲಿನ ಆಫೀಸಿನಿಂದ ಸಾಹೇಬರು ಬಂದರು. ಒಳ್ಳೆಯವರೇ. ಎಲ್ಲರಿಗೂ ಕಾಫಿ ತರಿಸಿದರು. ಫಾರಂ ಮೇಲೆ ಬೆರಳು ಓಡಿಸಿ ಕೂಡಿದರು. "ಆರು. ಹಳದಿ. ಜಂಟಿ ಸಿಟ್ಟಿಂಗ್ ಸಾಕು. ಗುರುವಾರ ಇಬ್ರನ್ನೂ ಕರೀರಿ."

ಗೆರೆಯನ್ನು ಇಲ್ಲ ಎಂದು ಓದಿಕೊಂಡಿದ್ದರು.

"ಸರ್, ಜಂಟಿ ಬೇಡ ಅನ್ಸುತ್ತೆ..."

"ಅನ್ಸೋದಕ್ಕೆ ಫಾರಂನಲ್ಲಿ ಕಾಲಂ ಇದ್ಯೇನಮ್ಮಾ?" ಗುಮಾಸ್ತ ನಕ್ಕ. ನಾನು ಕಾಫಿ ಲೋಟ ಎತ್ತಿಕೊಂಡು ಹೊರಗೆ ಬಂದೆ. ಮಾತು ಕೊಟ್ಟಿದ್ದೆನಲ್ಲ. ಅಥವಾ ಮಾತು ನೆಪವೋ. ಹತ್ತನೇ ಕ್ಲಾಸು ಓದಿದವಳು ಸಾಹೇಬರಿಗೆ ಎದುರು ಹೇಳುವುದೆಂದರೆ ನನಗೆ ಮೊದಲಿನಿಂದಲೂ ಆಗದ ಕೆಲಸ. ನಿನ್ನ ಬಾಯಿಗೆ ಬೀಗ, ಬೀಗದ ಕೈ ಬಾವೀಲಿ — ಅಕ್ಕ ಆಡಿಕೊಳ್ಳುತ್ತಿದ್ದಳು.

ಮಾರ್ಚ್ 7, ಗುರುವಾರ. ಮಧ್ಯಾಹ್ನ 2

ಈಗಲೇ ಬರೆಯಬೇಕು.

ಅವನು ನೀಲಿ ಅಂಗಿ, ಬಾಚಿದ ತಲೆ. ಅವಳಿಗೆ ಕುರ್ಚಿ ಎಳೆದುಕೊಟ್ಟ. ಸಾಹೇಬರು ಸಂಸಾರ ಅಂದರೆ ಎರಡು ಚಕ್ರ ಎಂದು ಶುರು ಮಾಡಿದರು. ಅವನು, "ನಮ್ ವ್ಯಾನಿಗೆ ನಾಲ್ಕು ಸಾರ್" ಎಂದ. ಸಾಹೇಬರು ಬಿದ್ದು ಬಿದ್ದು ನಕ್ಕರು. ನಗು ಮುಗಿಯುವಷ್ಟರಲ್ಲಿ ಅವನು ಕೈ ಚಾಚಿ ಅವಳ ಸ್ಕಾರ್ಫ್ ಸರಿ ಮಾಡಿದ. ನಿಧಾನವಾಗಿ, ಹೆಬ್ಬೆರಳಿನಿಂದ. ಅವಳ ತುಟಿ ಬೆಳ್ಳಗಾಯಿತು.

ತಡೆಯಲಾಗಲಿಲ್ಲ. ಸಾಹೇಬರನ್ನು ಪಡಸಾಲೆಗೆ ಕರೆದೆ. ಆಗಲಾದರೂ ಪೂರ್ತಿ ಹೇಳಬಹುದಿತ್ತು. ಮಾತೂ ಉಳಿಯಲಿ, ಅವಳೂ ಉಳಿಯಲಿ ಎಂದು ಅರ್ಧ ಹೇಳಿದೆ. "ಸರ್, ಒಂಬತ್ತನೇದು ಸರಿಯಾಗಿ ಕೇಳಿಲ್ಲ. ಅವಳನ್ನ ಒಬ್ಬಳನ್ನೇ ಕೂರಿಸಿ ಕೇಳ್ಬೇಕು."

"ಕೇಳಿಲ್ವಾ? ಅದಕ್ಯಾಕೆ ಇಷ್ಟು ಗುಟ್ಟು? ಕೇಳಿದ್ರಾಯ್ತು."

ಒಳಗೆ ಹೋಗಿ, ಅವನು ಪಕ್ಕದಲ್ಲೇ ಕೂತಿರುವಾಗ ಕೇಳಿಬಿಟ್ಟರು. "ಏನಮ್ಮಾ, ಇವ್ರು ಯಾವತ್ತಾದ್ರೂ ನಿನ್ನ ಕತ್ತು ಹಿಸುಕಿದ್ದಾರಾ?"

ಅವಳು ಸ್ಕಾರ್ಫಿನ ತುದಿ ಹಿಡಿದುಕೊಂಡಳು.

"ಇಲ್ಲ."

ಸಾಹೇಬರು ನನ್ನ ಗೆರೆಯ ಮೇಲೆ ಇಲ್ಲ ಎಂದು ಬರೆದರು. ಅವನು ಸಾಹೇಬರನ್ನು ನೋಡಲಿಲ್ಲ, ಅವಳನ್ನೂ ನೋಡಲಿಲ್ಲ. ನನ್ನನ್ನೇ ನೋಡಿದ. ಆಮೇಲೆ ಮುಗುಳ್ನಕ್ಕ. ಅವಳು ಹೇಳಿದ್ದಾಳೆಂದು ಅವನಿಗೆ ಗೊತ್ತಾಯಿತು. ನನ್ನಿಂದ ಗೊತ್ತಾಯಿತು.

ರಾಜಿ ಪತ್ರಕ್ಕೆ ಇಬ್ಬರೂ ಸಹಿ ಹಾಕಿದರು. ಮೆಟ್ಟಿಲಿಳಿಯುವಾಗ ಅವಳ ಮೊಣಕೈ ಹಿಡಿದಿದ್ದ. ಸುಟ್ಟ ಕೈ.

ಸಂಜೆ 6

ಲಾಂಡ್ರಿಗೆ ಎರಡು ಸಲ ಹೋದೆ. ಇಲ್ಲ. ಪೊಲೀಸರಿಗೆ ಹೇಳಲೇ? ಮಗು? ನಾಳೆ ಶುಕ್ರವಾರ. ನಾಳೆ ತನಕ ಎಂದು ಅವಳೇ ಕೇಳಿದ್ದು.

ಕೇಳುವುದಕ್ಕೆ ಮನೆಯಲ್ಲಿ ಯಾರೂ ಇಲ್ಲ.

ಮಾರ್ಚ್ 9

ಎಡಗೈ ಬರಹ.

ನಿನ್ನೆ ಬೆಳಿಗ್ಗೆ ಏಳೂವರೆಗೆ ಅವಳ ಮನೆಗೆ ಹೋದೆ. ಒಬ್ಬಳೇ ಹೋಗಬಾರದು. ಹೋದೆ. ವ್ಯಾನು ಬಾಗಿಲಲ್ಲೇ ನಿಂತಿತ್ತು. ಒಳಗೆ ಆಗಲೇ ಮೂರು ಮಕ್ಕಳು, ಯೂನಿಫಾರಂ ಹಾಕಿಕೊಂಡು. ಒಬ್ಬಳು ಹಾರ್ನ್ ಒತ್ತಿ ಒತ್ತಿ ನಗುತ್ತಿದ್ದಳು. "ಮಾಮ ಒಂದ್ನಿಮಿಷ ಅಂತ ಹೋದ್ರು."

ಬಾಗಿಲು ಹಾಕಿತ್ತು. ಟಿವಿ ಜೋರು. ಟಿವಿಯ ಅಡಿಯಲ್ಲಿ ಇನ್ನೊಂದು ಸದ್ದು. ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು.

ಮುಷ್ಟಿಗೆ ಕೈಚೀಲ ಸುತ್ತಿಕೊಂಡು ಪಕ್ಕದ ಕಿಟಕಿಯ ಗಾಜು ಗುದ್ದಿದೆ. ಕೈ ತೂರಿಸಿ ಬಾಗಿಲ ಚಿಲಕ ತೆಗೆದು ಒಳಗೆ ನುಗ್ಗಿದೆ. ತೋಳು ಸೀಳಿತು, ನೋವು ಗೊತ್ತಾಗಲಿಲ್ಲ. ಅವಳ ಎದೆ ಮೇಲೆ ಕೂತಿದ್ದ. ಮಂಡಿ ಎರಡೂ ಅವಳ ತೋಳುಗಳ ಮೇಲೆ. ಅಂಗಿಯ ಗುಂಡಿ ಎಲ್ಲ ಹಾಕಿತ್ತು. ತಲೆಯೆತ್ತಿ ನೋಡಿದ, ಕೈ ಬಿಡಲಿಲ್ಲ.

"ಬನ್ನಿ ಮೇಡಂ. ಬರ್ಕೊಳ್ಳಿ."

ಅವಳ ಮುಖ ನೀಲಿ. ನಾಲಿಗೆ ಹಲ್ಲಿನ ನಡುವೆ.

ಸ್ಟೂಲು ಸಿಕ್ಕಿತು. ತಲೆಗೆ ಹೊಡೆದೆ. ಕಿವಿ ಹರಿದು ಜೋತುಬಿತ್ತು, ಆದರೂ ಬಿಡಲಿಲ್ಲ. ಇನ್ನೊಮ್ಮೆ. ಆಗ ಎದ್ದ. ನನ್ನ ಬಲಗೈ ಹಿಡಿದು ಬಾಗಿಲ ಸಂದಿಗೆ ಕೊಟ್ಟು ಬಾಗಿಲು ಒದ್ದ. ಎರಡು ಸಲ. ಒಣಸೌದೆ ಮುರಿದ ಹಾಗೆ. ಅಷ್ಟರಲ್ಲಿ ಪಕ್ಕದ ಮನೆಯ ಗಾರೆಯವನು ನುಗ್ಗಿ ಅವನನ್ನು ಕೆಡವಿ ಬೆನ್ನ ಮೇಲೆ ಕೂತ. ಬಿದ್ದವನಿಗೆ ನಾನು ಎಡಗೈಯಲ್ಲಿ ಸ್ಟೂಲು ಎತ್ತಿ ಮತ್ತೆ ಹೊಡೆದೆ. ಬಾಯಿಗೆ. ಹಲ್ಲು ನೆಲದ ಮೇಲೆ ಉರುಳಿತು. "ಸಾಕಮ್ಮಾ, ಸತ್ತೋಗ್ತಾನೆ" ಎಂದು ಗಾರೆಯವನ ಹೆಂಡತಿ ನನ್ನ ಸೊಂಟ ಹಿಡಿದು ಎಳೆದಳು. ಇದನ್ನೂ ಬರೆದಿಡುತ್ತೇನೆ. ನಿಲ್ಲಿಸಬೇಕು ಅನ್ನಿಸಿರಲಿಲ್ಲ.

ಹಾರ್ನ್ ಇನ್ನೂ ಕೇಳುತ್ತಿತ್ತು.

ಅವಳಿಗೆ ಉಸಿರಿತ್ತು.

ಮಾರ್ಚ್ 14

ಅವಳ ಗಂಟಲಿಗೆ ನಳಿಕೆ ಹಾಕಿದ್ದಾರೆ. ಮಾತಿಲ್ಲ. ಅವನು ಪೊಲೀಸರ ಕೈಯಲ್ಲಿ. ಮಗು ಇನ್ನೂ ಅವನ ತಾಯಿಯ ಹತ್ತಿರವೇ.

ಮೇಡಂ ಹೊಟ್ಟೆ ಹಿಡಿದುಕೊಂಡು ವಾರ್ಡಿಗೆ ಬಂದರು. ಬೆಂಚಿನ ಮೇಲೆ ಇಬ್ಬರೂ ಕೂತೆವು.

"ನಮ್ಮಿಬ್ರನ್ನೂ ಸೇರ್ಸಿದ್ರೆ ಒಂದು ಪೂರ್ತಿ ಮನುಷ್ಯ ಆಗಲ್ಲ ನೋಡಿ" ಎಂದರು. ನಗು ಬರಲಿಲ್ಲ ಇಬ್ಬರಿಗೂ.

"ಅವನ ವಕೀಲ ಹೇಳ್ತಿರೋದು — ಒಂದೇ ಸಲ, ಸಿಟ್ಟಿನ ಭರದಲ್ಲಿ ಆಗೋಯ್ತು ಅಂತ. ಫಾರಂನಲ್ಲಿ ಇಲ್ಲ ಅಂತಿದೆ. ಜಾಮೀನು ಸಿಗುತ್ತೆ. ಹೊರಗೆ ಬಂದ್ರೆ ಮೊದಲು ಮಗು ಹತ್ರ ಹೋಗ್ತಾನೆ." ನನ್ನ ಕಡೆ ತಿರುಗಿ, "ಗೆರೆ ಎಳೆದಿದ್ರಾ?"

"ಎಳೆದಿದ್ದೆ."

"ಗುರುತು ನೋಡಿದ್ರಾ?"

"ಕಣ್ಣಾರೆ."

ಮೇಡಂ ಮುಖ ಒರೆಸಿಕೊಂಡರು. "ಅದನ್ನ ಹೇಳಿದ್ರೆ ಅವನಿಗೆ ಜಾಮೀನಿಲ್ಲ. ನಿಮಗೆ ಕೆಲಸ ಇಲ್ಲ. ಗೊತ್ತಿದ್ದೂ ಮುಚ್ಚಿಟ್ಟಿದ್ದು ಅಂತಾರೆ. ಬಿದ್ದವನಿಗೆ ಹೊಡೆದಿದ್ದೂ ಈಚೆ ಬರುತ್ತೆ. ಗೆರೆ ಅಭ್ಯಾಸ ಮಾಡ್ಸಿದ್ದು ನಾನು, ನನ್ನನ್ನೂ ಕೇಳ್ತಾರೆ. ಕೇಳ್ಲಿ. ನಾನು ಹೇಳಿ ಅನ್ನಲ್ಲ, ಬೇಡ ಅನ್ನಲ್ಲ."

ಮಾರ್ಚ್ 15, ಶುಕ್ರವಾರ. ಸಂಜೆ 5

ಹೇಳುವ ಮೊದಲು ಅವಳನ್ನು ಕೇಳಬೇಕಿತ್ತು. ಹೇಳಿದ್ದು ಅವಳು. ಗುಟ್ಟು ಅವಳದು. ಇಷ್ಟಾದ ಮೇಲೂ ನಿಯಮ ಹಿಡಿದು ಕೂತಿದ್ದೀನಿ ಎಂದು ನನಗೇ ನಾಚಿಕೆ. ಆದರೂ ಕೇಳದೆ ಹೇಳಲಾರೆ.

ನರ್ಸ್ ಐದು ನಿಮಿಷ ಕೊಟ್ಟಳು. ಎರಡೂ ಕಣ್ಣು ಪೂರ್ತಿ ಕೆಂಪು, ಬಿಳಿ ಎಲ್ಲೂ ಇಲ್ಲ. ಹಾಸಿಗೆಯ ಅಂಚಿಗೆ ಬಗ್ಗಿ ಮೆಲ್ಲಗೆ ಹೇಳಿದೆ.

"ಅವತ್ತು ನೀನು ತೋರ್ಸಿದ್ದನ್ನ ಪೊಲೀಸರಿಗೆ ಹೇಳ್ಲಾ? ಬೇಡ ಅಂದ್ರೆ ಬೇಡ."

ಕಾಗದಕ್ಕೆ ಸನ್ನೆ ಮಾಡಿದಳು. ಔಷಧಿ ಚೀಟಿಯ ಹಿಂಭಾಗ ಕೊಟ್ಟೆ. ಸಾಲು ಮೇಲೆ ಕೆಳಗೆ ಜಾರುತ್ತಿತ್ತು, ಅಕ್ಷರ ಒತ್ತಿ ಒತ್ತಿ ಬರೆದಳು.

ನಾನು ಬೇಡ ಅಂದಾಗಲೂ ಬರೀಬೇಕಿತ್ತು.

ಅದರ ಕೆಳಗೆ ಇನ್ನೊಂದು ಸಾಲು. ಮಗೂಗೆ ರಾತ್ರಿ ಲೈಟ್ ಬೇಕು, ಕರ್ಕೊಂಡ್ ಬರೋರಿಗೆ ಹೇಳಿ.

ತಲೆಯಾಡಿಸಿದೆ. ನರ್ಸ್ ಬಂದು ಟೈಮಾಯ್ತು ಎಂದಳು.

ಠಾಣೆಗೆ ಫೋನ್ ಮಾಡಿದೆ. ಮಾರ್ಚ್ ನಾಲ್ಕನೇ ತಾರೀಕಿನ ವಿಷಯ ಎಂದೆ. ನಾಳೆ ಹತ್ತೂವರೆಗೆ ಬರಬೇಕಂತೆ. ಬಸ್ಸು ಒಂಬತ್ತೂಕಾಲಕ್ಕೆ.