ಮೆಟ್ಟಿಲಿಲ್ಲದ ದಡದ ಹದಿನಾಲ್ಕು ಮೆಟ್ಟಿಲುಗಳು

ವೇದಿಕೆಯನ್ನು ಅಲಂಕರಿಸಿರುವ ಮೆಟ್ಟಿಲುಗಳೇ, ಮುಂದಿನ ಸಾಲಿನಲ್ಲಿ ಆಸೀನರಾಗಿರುವ ಹೊಸ್ತಿಲುಗಳೇ, ಅಲ್ಲಲ್ಲಿ ತಲೆಯೆತ್ತಿ ನಿಂತಿರುವ ಕಲ್ಲುಗಳೇ, ಮತ್ತು ಇವರೆಲ್ಲರ ಪೋಷಕರಾದ ಸರೋವರ ಪ್ರವಾಸ ಇಲಾಖೆಯ ಮುಖ್ಯಾಧಿಕಾರಿಗಳೇ,

ನಿಮ್ಮ ದಡಕ್ಕೆ ಹದಿನಾಲ್ಕು ಮೆಟ್ಟಿಲಿವೆ. ನಿಮ್ಮ ಕೈಪಿಡಿಯಲ್ಲಿ ಒಂದೂ ಇಲ್ಲ. ಇದೇ ನನ್ನ ದೂರು, ಉಳಿದದ್ದೆಲ್ಲ ಒಡಲುರಿ.

"ನಡೆಯಲಾಗದವರಿಗೂ ನಲಿವಿನ ರಜೆ" ಎಂಬ ಆ ಕೈಪಿಡಿ ಮೊದಲ ಪುಟದಲ್ಲೇ ಹೀಗೆ ಹಾಡುತ್ತದೆ: "ಮೆಟ್ಟಿಲಿಲ್ಲ, ತಡೆಯಿಲ್ಲ, ನಿಮ್ಮದೇ ಈ ದಡವೆಲ್ಲ!" ಇದನ್ನು ನಂಬಿ ಕಳೆದ ತಿಂಗಳು ಅಕ್ಕನನ್ನು ಕರೆತಂದೆ. ಅಕ್ಕ ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಈಜು ಕಲಿಸಿದವಳು. ಚಿಕ್ಕಂದಿನಲ್ಲಿ ಈಜುಕೊಳದ ಕಂಬಿ ಹಿಡಿದು ಗೋಳಾಡುತ್ತಿದ್ದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೀರಿಗೆ ತಳ್ಳಿದವಳೂ ಅವಳೇ. ಬೆನ್ನುಮೂಳೆಗೆ ಪೆಟ್ಟಾಗಿ ಎರಡು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಾಳೆ. ಅವಳು ಕೇಳಿದ್ದು ಇಷ್ಟೇ: "ಒಂದ್ಸಲ ನೀರಲ್ಲಿ ಕಾಲು ಇಳಿಬಿಟ್ಟು ಕೂರ್ಬೇಕು ಕಣೋ. ಕಾಲಿಗೆ ಗೊತ್ತಾಗ್ದಿದ್ರೂ ನನಗೆ ಗೊತ್ತಾಗತ್ತೆ."

ಮೊದಲು ನಿಮ್ಮ ಅತಿಥಿಗೃಹ. ಅಲ್ಲಿನ "ವಿಶೇಷ ಕೊಠಡಿ"ಯ ವಿಶೇಷವೇನೆಂದರೆ, ಬಚ್ಚಲ ಬಾಗಿಲು ಗಾಲಿಕುರ್ಚಿಗಿಂತ ಎರಡು ಬೆರಳು ಕಿರಿದು. ಮೇಲ್ವಿಚಾರಕರು ತಲೆ ಕೆರೆದುಕೊಂಡು, "ಬಾಗಿಲನ್ನೇ ಕಳಚಿ ಕೊಡ್ಲಾ ಮೇಡಂ?" ಎಂದರು.

"ಕಳಚಿ. ಹಾಗೇ ಟಿಕೆಟ್ ಹರಿಯೋಕೂ ಒಬ್ಬರನ್ನ ಕೂರಿಸಿ," ಎಂದಳು ಅಕ್ಕ.

ನಂತರ ದಡ. ವಾಹನ ನಿಲ್ಲಿಸುವ ಜಾಗದಿಂದ ಒಂದು ಇಳಿಜಾರು ಹೊರಡುತ್ತದೆ. ಸುಳ್ಳು ಹೇಳಬಾರದು, ನುಣುಪಾಗಿದೆ, ಹಿಡಿಯಲು ಕಂಬಿಯೂ ಇದೆ. ಆದರೆ ಅದು ಹೋಗಿ ನಿಲ್ಲುವುದು ನೀರಿನ ಎದುರಲ್ಲ, ತಾವು ಅದನ್ನು ಉದ್ಘಾಟಿಸಿದಿರೆಂದು ಕೆತ್ತಿಸಿದ ಕಲ್ಲಿನ ಎದುರು. ಕಲ್ಲಿನಾಚೆ ಹದಿನಾಲ್ಕು ಮೆಟ್ಟಿಲು, ಅದರಾಚೆ ಸರೋವರ. ಉದ್ಘಾಟನೆಗೆ ಉಮೇದು, ಉಳಿದದ್ದಕ್ಕೆ ಉಡಾಫೆ! ಗಾಲಿಕುರ್ಚಿಯವರು ಅಷ್ಟು ದೂರ ಬರುವುದು ನಿಮ್ಮ ಹುದ್ದೆಯ ಹೆಸರು ಓದಲಿಕ್ಕೆಂದು ನಿರ್ಧರಿಸಿದವರು ಯಾರು ಸ್ವಾಮಿ?

ಕಾವಲುಗಾರ ಸಮಾಧಾನ ಹೇಳಿದ: "ಎತ್ಕೊಂಡು ಹೋಗ್ಬಿಡಿ ಸಾರ್. ಎಲ್ರೂ ಹಾಗೇ ಮಾಡೋದು."

"ನಾನೇನು ಗ್ಯಾಸ್ ಸಿಲಿಂಡರೇನಪ್ಪಾ?" ಎಂದಳು ಅಕ್ಕ.

ಒಳ್ಳೆಯ ಮನುಷ್ಯ, ನಾಚಿಕೊಂಡ. ಕೆಳಗಿಳಿದು ಬಕೆಟ್ಟಿನಲ್ಲಿ ನೀರು ತುಂಬಿ ತಂದು ಅವಳ ಮುಂದಿಟ್ಟ. ಅಕ್ಕ ಎರಡೂ ಕಾಲುಗಳನ್ನು ಕೈಯಿಂದ ಎತ್ತಿ ಅದರೊಳಗೆ ಇಟ್ಟುಕೊಂಡಳು. "ನೋಡೋ, ಸರೋವರಾನೇ ಮೆಟ್ಟಿಲು ಹತ್ತಿ ಬಂತು. ಇಲಾಖೆಗಿಂತ ಅದಕ್ಕೇ ಮರ್ಯಾದೆ ಗೊತ್ತು," ಎಂದು ನಕ್ಕಳು. ನಗು ಬಕೆಟ್ಟಿನಷ್ಟೇ ಇತ್ತು. ಆಮೇಲೆ ಕೈಪಿಡಿ ತೆಗೆದು ಆ ಸಾಲನ್ನು ಗಟ್ಟಿಯಾಗಿ ಓದಿ, "ಇದನ್ನ ಬರೆದೋನು ಕೈಗೆ ಸಿಗ್ಲಿ. ಈಜು ಬರತ್ತಾ ಅಂತಾನೂ ಕೇಳ್ದೆ ನೀರಿಗೆ ತಳ್ತೀನಿ," ಎಂದಳು.

ನಾನು ಬಕೆಟ್ಟನ್ನೇ ನೋಡುತ್ತ ನಿಂತೆ.

ಮಾನ್ಯರೇ, ಕೇಳುವುದು ಇಷ್ಟು: ಆ ಇಳಿಜಾರು ನಿಮ್ಮ ಕಲ್ಲನ್ನು ಸುತ್ತುಹಾಕಿ ನೀರಿನವರೆಗೆ ಹೋಗಲಿ. ಅಲ್ಲಿಯತನಕ ಕೈಪಿಡಿಯಿಂದ ಆ ಸಾಲು ಕಿತ್ತು, "ಹದಿನಾಲ್ಕು ಮೆಟ್ಟಿಲಿವೆ" ಎಂದು ಅಚ್ಚು ಹಾಕಿಸಿ. ಪ್ರಾಸವಿರುವುದಿಲ್ಲ, ಪರವಾಗಿಲ್ಲ. ಬರೆದವನಿಗೆ ಬೇಜಾರಾದೀತು ಎಂಬ ನೆಪ ಬೇಡ; ಅವನ ಒಪ್ಪಿಗೆಯಿದೆ.

ಬರೆದವನು ನಾನೇ. ಮೂರು ವರ್ಷದ ಹಿಂದೆ ಕೈಪಿಡಿ ಬರೆದುಕೊಡಲೆಂದು ನಿಮ್ಮ ಕಚೇರಿ ಕಳಿಸಿದ ಟಿಪ್ಪಣಿಯಲ್ಲಿ "ಹದಿನಾಲ್ಕು ಮೆಟ್ಟಿಲು, ಇಳಿಜಾರನ್ನು ನೀರಿನವರೆಗೆ ಒಯ್ಯುವ ಪ್ರಸ್ತಾವವಿದೆ" ಎಂದಿತ್ತು. ಪ್ರಸ್ತಾವ ಪ್ರಾಸಕ್ಕೆ ಒಗ್ಗಲಿಲ್ಲ, ಬಿಟ್ಟೆ. ಇಷ್ಟರಲ್ಲಿ ಕಟ್ಟಿರುತ್ತೀರಿ ಎಂದುಕೊಂಡು, ನನ್ನ ಸಾಲನ್ನು ನಾನೇ ನಂಬಿ ಅಕ್ಕನನ್ನು ಕರೆತಂದೆ. ಅವಳಿಗೆ ಇನ್ನೂ ಹೇಳಿಲ್ಲ. ಈ ಪತ್ರ ಅಚ್ಚಾಗುವ ಪತ್ರಿಕೆ ಅವಳ ಮನೆಗೂ ಬರುತ್ತದೆ.

ಇಂತಿ,
ನೀರಿಗೆ ಬೀಳಲು ಸಿದ್ಧನಾಗಿ ಕಾದಿರುವ ತಮ್ಮ