ಎಡಕ್ಕೆ ಎಳೆಯುವ ಕುರ್ಚಿ

ಮನೆಯಿಂದ,
ತಾರೀಖು ಹದಿನಾಲ್ಕು, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೇ? ಕೈ ಒಡೆದದ್ದು ವಾಸಿಯಾಯಿತೇ? ಮೀನಿನ ಕಾರ್ಖಾನೆಯ ಮಂಜುಗಡ್ಡೆಯಲ್ಲಿ ಕೈಯಾಡಿಸಿ ಆಡಿಸಿ ನನ್ನ ಬೆರಳೂ ಮೀನೂ ಒಂದೇ ಆಗಿವೆ ಅಕ್ಕಾ ಎಂದು ಹೋದ ಸಲ ಫೋನಿನಲ್ಲಿ ಹೇಳಿ ನಕ್ಕೆಯಲ್ಲ, ನಿನಗೆ ನಗು, ನನಗೆ ಚಿಂತೆ. ರಬ್ಬರ್ ಕೈಗವಸಿನ ಒಳಗೆ ಹತ್ತಿಯದೊಂದು ಹಾಕಿಕೊ. ಅಲ್ಲಿ ನೆಲ ಸದಾ ಒದ್ದೆಯಿರುತ್ತದೆ, ನೋಡಿ ಹೆಜ್ಜೆ ಇಡು. ಜಾರಿ ಬಿದ್ದರೆ ಏನಾಗುತ್ತದೆಂದು ನಮ್ಮ ಮನೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಫೋನು ಬಿಟ್ಟು ಕಾಗದ ಏಕೆ ಬರೆದಳು ಎಂದು ಎದೆ ಹೊಡೆದುಕೊಳ್ಳಬೇಡ, ಎಲ್ಲರೂ ಬದುಕಿದ್ದೇವೆ. ನಮ್ಮ ಎರಡು ಕೋಣೆಯ ಮನೆಯಲ್ಲಿ ಫೋನಿನಲ್ಲಿ ಪಿಸುಗುಟ್ಟಿದರೂ ಅಮ್ಮನಿಗೆ ಕೇಳಿಸುತ್ತದೆ. ಇದು ಅವಳಿಗೆ ಕೇಳಿಸಬಾರದ ಮಾತು. ಆರನೆಯ ಕ್ಲಾಸಿಗೇ ಪಾಟಿ ಕಟ್ಟಿಟ್ಟವಳು ನಾನು, ಅದೂ ನಡುನಡುವೆ ಬಿಟ್ಟು ಬಿಟ್ಟು ಓದಿದ್ದು. ಒತ್ತು ದೀರ್ಘ ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಮೆಟ್ಟಿಲಿನಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಅಮ್ಮ ಗೋಡೆ ನೋಡುತ್ತಾ ಮಲಗಿದ್ದ ಕಾಲ ನಿನಗೆ ನೆನಪಿದೆ. ನೀನು ಕೆಲಸಕ್ಕೆಂದು ಪೆಟ್ಟಿಗೆ ಹಿಡಿದು ಹೊರಟಾಗಲೂ ಮಗ್ಗುಲು ತಿರುಗಲಿಲ್ಲ. ಆಮೇಲೆ ಸಮಾಜ ಕಲ್ಯಾಣ ಕಚೇರಿಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆದು, ಅಂತೂ ಮಾಸಾಶನ ಮಂಜೂರಾಯಿತು. ನೋಡಿಕೊಳ್ಳುವವರಿಗೆಂದು ಆರೈಕೆ ಭತ್ಯೆಯೂ ಬಂತು. ಅದು ಬಂದದ್ದರಿಂದಲೇ ನಾನು ಲಾಂಡ್ರಿಯಲ್ಲಿ ಬೆಳಗಿನ ಪಾಳಿ ಮಾತ್ರ ಇಟ್ಟುಕೊಂಡು, ಅಲ್ಲಿಗೆ ಬರುವ ಹಾಸಿಗೆ ಬಟ್ಟೆಗಳಿಗೆಲ್ಲ ಇಸ್ತ್ರಿ ತಿಕ್ಕಿ ಮುಗಿಸಿ, ಮಧ್ಯಾಹ್ನಕ್ಕೆ ಮನೆ ಸೇರುವ ಹಾಗಾದದ್ದು. ಅಂಗವೈಕಲ್ಯ ನೂರಕ್ಕೆ ಎಪ್ಪತ್ತೈದು ಎಂದು ಕಚೇರಿಯ ಡಾಕ್ಟರು ಹೇಳಿದಾಗ ಅಮ್ಮ, ‘ಉಳಿದ ಇಪ್ಪತ್ತೈದು ನನ್ನ ನಾಲಿಗೆ ಸ್ವಾಮಿ, ಅದರ ತಂಟೆಗೆ ಮಾತ್ರ ಬರಬೇಡಿ’ ಅಂದದ್ದು, ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕದ್ದು, ಎಲ್ಲ ನಿನಗೆ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಗಾಲಿಕುರ್ಚಿಯ ವಿಷಯ.

ಕುರ್ಚಿ ಹೊಸದಲ್ಲ ಕಣೇ. ಕಚೇರಿಯವರು ಹೊಸದು ಕೊಡುವುದು ಅಪರೂಪ. ಒಬ್ಬರು ತೀರಿಕೊಂಡರೆ ಅವರ ಕುರ್ಚಿಯನ್ನು ವಾಪಸು ತಂದು ರಿಪೇರಿ ಮಾಡಿ ಮುಂದಿನವರಿಗೆ ಕೊಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನಾವೂ ಪಾತ್ರೆ ಬಟ್ಟೆ ಹಾಗೇ ಕೈ ಬದಲಾಯಿಸಿ ಬಳಸಿದವರು. ಕಚೇರಿಯ ಹಿಂದೆ ತಗಡಿನ ಶೆಡ್ಡಿದೆ. ಅಲ್ಲಿ ಕುರ್ಚಿ ರಿಪೇರಿ ಮಾಡುವವನನ್ನು ಎಲ್ಲರೂ ಸ್ಪ್ಯಾನರ್ ಮಾಮ ಅನ್ನುತ್ತಾರೆ. ಅವನದೊಂದು ಪದ್ಧತಿ. ವಾಪಸು ಬಂದ ಕುರ್ಚಿಯ ಮುಂದಿನ ಎರಡು ಚಿಕ್ಕ ಚಕ್ರ ಎಷ್ಟೇ ಗಟ್ಟಿಯಿರಲಿ, ಬಿಚ್ಚಿ ಬೇರೆ ಹಾಕದೆ ಇನ್ನೊಬ್ಬರಿಗೆ ಕೊಡುವುದಿಲ್ಲ. ‘ಸ್ವಲ್ಪ ತಡ್ಕೊಳ್ಳಿ ಅಮ್ಮ, ಚಕ್ರ ಬರಬೇಕು. ಇದಕ್ಕೆ ಹಳೇ ದಾರಿ ರೂಢಿಯಾಗಿರುತ್ತೆ’ ಅಂದ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಹಗ್ಗ ಕಂಡರೂ ಹಾವು ಅನ್ನುವವಳು. ಮಂಜೂರಾದದ್ದನ್ನು ಕೂಡಲೇ ಒಯ್ಯದಿದ್ದರೆ ಸರದಿಯಲ್ಲಿ ಹಿಂದೆ ನಿಂತವರಿಗೆ ಹೋಗುತ್ತದೆ ಎಂದು ಯಾರೋ ಹೇಳಿದ್ದು ತಲೆಯಲ್ಲಿ ಗುಂಯ್‌ಗುಡುತ್ತಿತ್ತು. ಕೈಮುಗಿದೆ, ಅತ್ತೆ, ಹಟ ಹಿಡಿದೆ. ಅವನು ಸ್ಪ್ಯಾನರ್ ಕೆಳಗಿಟ್ಟು, ‘ತಗೊಂಡು ಹೋಗಿ. ಆಮೇಲೆ ತಂದರೂ ಬದಲಾಯಿಸಿ ಕೊಡ್ತೀನಿ. ಆದ್ರೆ ಒಂದು ತಿಳ್ಕೊಳ್ಳಿ, ಒಮ್ಮೆ ಕೊಟ್ಟ ಮೇಲೆ ಕುರ್ಚಿ ಕೂತವರದು. ಅವರು ಹೂಂ ಅನ್ನದೆ ನಾನು ಒಂದು ತಿರುಪೂ ಮುಟ್ಟೋ ಹಾಗಿಲ್ಲ, ಕಚೇರಿ ಕಾನೂನು’ ಅಂದ.

ಮೊದಲ ದಿನಗಳ ಸಂತೋಷ ಏನು ಹೇಳಲಿ. ಅಮ್ಮ ಕಿಟಕಿ ನೋಡಿದಳು, ಬೀದಿ ನೋಡಿದಳು, ಎದುರುಮನೆಯವಳು ಬಟ್ಟೆ ಒಣಹಾಕುವ ಚಂದ ನೋಡಿ, ‘ಹಿಂಡಿದ್ದಾಳೋ ಇಲ್ಲ ಬರೀ ಮಾತಾಡಿಸಿ ಬಿಟ್ಟಿದ್ದಾಳೋ’ ಅಂದಳು. ನನಗೆ, ‘ಏ ಚಿಂತೆಗಂಟೇ, ಮೆಲ್ಲಗೆ ತಳ್ಳೇ, ನಾನೇನು ಲಾಂಡ್ರಿಯ ಮೂಟೆಯೇ’ ಎಂದು ಬೈದಳು. ಬೈಗುಳ ಕೇಳಿ ಅಷ್ಟು ಖುಷಿಪಟ್ಟ ಮಗಳು ನಾನೊಬ್ಬಳೇ ಇರಬೇಕು. ಆದರೆ ಬೇಕರಿಯ ಮೂಲೆಗೆ ಬಂದರೆ ಕುರ್ಚಿ ಎಡಕ್ಕೆ ಎಳೆಯುತ್ತಿತ್ತು. ನಾವು ಹೋಗಬೇಕಾದದ್ದು ನೇರಕ್ಕೆ, ಕಚೇರಿಯ ಕಡೆಗೆ. ರಸ್ತೆಯ ಇಳಿಜಾರಿರಬೇಕು ಅಂದುಕೊಂಡೆ. ಖಾಲಿ ಬಾಟಲಿ ಇಟ್ಟು ನೋಡಿದೆ ಕಣೇ, ಹುಚ್ಚಿಯ ಹಾಗೆ. ಅದು ಬಲಕ್ಕೆ ಉರುಳಿತು. ಒಂದು ಮಧ್ಯಾಹ್ನ ತೋಳು ಸೋತು ನಿಂತಾಗ ಅಮ್ಮನೇ ಅಂದಳು, ‘ಬಿಡೇ, ಅದೆಲ್ಲಿಗೆ ಹೋಗುತ್ತೋ ನೋಡೋಣ. ನಮಗೇನು ರೈಲು ತಪ್ಪುತ್ತದೆಯೇ?’

ಕೈ ಸಡಿಲ ಬಿಟ್ಟೆ. ಬೇಕರಿಯ ಬಿಸಿಗಾಳಿ ದಾಟಿ ಓಣಿಗೆ ತಿರುಗಿತು. ಮೋರಿಯ ಕಲ್ಲು ಎದ್ದ ಕಡೆ ತಾನೇ ಸುತ್ತು ಹಾಕಿತು. ಓಣಿಯ ಕೊನೆಯಲ್ಲಿ ಹಸಿರು ಬಾಗಿಲಿನ ಮನೆ, ಹೊಸ್ತಿಲಿಗೆ ಓರೆಯಾಗಿ ಒರಗಿಸಿದ ಅಗಲದ ಹಲಗೆ. ಆ ಹಲಗೆಯ ಮೇಲೆ ಎರಡು ಸವೆದ ಗೆರೆ. ನಮ್ಮ ಚಕ್ರ ಆ ಗೆರೆಗಳಲ್ಲಿ ಕೂತುಬಿಟ್ಟಿತು, ಸರಿಯಾಗಿ. ನಾನಿನ್ನೂ ಬಾಗಿಲು ತಟ್ಟಿಲ್ಲ. ಒಳಗಿನಿಂದ ‘ಹೋಲ್ಡಾನ್!’ ಎಂದು, ಬಸ್ಸು ನಿಲ್ಲಿಸುವವರ ಹಾಗೆ, ಗಂಡಸಿನ ಕೂಗು. ಬಾಗಿಲು ತೆರೆದವರು ಕಣ್ಣಿಲ್ಲದ ಮುದುಕರು, ಹಿಂದೆ ಬಸ್ ಕಂಡಕ್ಟರ್ ಆಗಿದ್ದವರು. ‘ಇಷ್ಟೊತ್ತಾ? ಚಹಾ ಎರಡು ಸಲ ಕಾಯಿಸಿದೆ’ ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, ‘ಮೂರನೇ ಸಲ ಕಾಯಿಸಿ, ಕೈ ಸವೆಯೋದಿಲ್ಲ’ ಅಂದುಬಿಟ್ಟಳು. ತಮಾಷೆಗೇ ಅಂದದ್ದು, ನನ್ನ ಕಡೆ ಕಣ್ಣು ಮಿಟುಕಿಸಿದಳು ಕೂಡ. ಮುದುಕರು ಬಾಗಿಲ ಚೌಕಟ್ಟು ತಡವಿಕೊಂಡು ದಾರಿ ಬಿಟ್ಟರು. ಆಮೇಲೆ ಒಳಗೆ ಹೋಗಿ ನಿಜಕ್ಕೂ ಚಹಾ ಕಾಯಿಸಿದರು. ಕಪ್ಪಿನ ಹಿಡಿಕೆಯನ್ನು ಎಡಕ್ಕೆ ತಿರುಗಿಸಿ ಮೇಜಿನ ಮೇಲಿಟ್ಟರು. ಅಮ್ಮ ಎಡಗೈ ಚಾಚಿ ತೆಗೆದುಕೊಂಡಳು. ಅಮ್ಮ ಎಡಗೈಯಲ್ಲಿ ಕುಡಿದದ್ದನ್ನು ನೀನು ಎಂದಾದರೂ ಕಂಡಿದ್ದೀಯಾ?

ಅವರ ಹೆಂಡತಿ ಚಳಿಗಾಲದಲ್ಲಿ ತೀರಿಕೊಂಡರಂತೆ. ಆಕೆ ಎಡಚರಂತೆ. ಆಕೆಯದೇ ಈ ಕುರ್ಚಿ. ಅದು ಗೊತ್ತಾದ ಮೇಲಾದರೂ ನಿಲ್ಲಿಸಬೇಕಿತ್ತು ಅನ್ನುತ್ತೀಯ. ಹೇಗೆ ನಿಲ್ಲಿಸಲಿ? ಮಧ್ಯಾಹ್ನವಾದರೆ ಅಮ್ಮ ತಲೆ ಬಾಚಿಸಿಕೊಂಡು ತಯಾರಾಗಿ ಕೂತಿರುತ್ತಾಳೆ. ಒಬ್ಬಂಟಿ ಮುದುಕರು, ಮಾತಿಗೆ ಜನ ಸಿಕ್ಕರು, ಇವಳಿಗೂ ಗೋಡೆ ತಪ್ಪಿತು, ಯಾರ ಗಂಟೇನು ಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಒಂದೊಂದೇ ಶುರುವಾಯಿತು. ಅವರ ಅಡುಗೆಕೋಣೆಯ ಸಕ್ಕರೆ ಡಬ್ಬಿ ಕಿಟಕಿಯ ಪರದೆಯ ಹಿಂದಿದೆ ಎಂದು ಅಮ್ಮ ಹೇಳಿದಳು, ಆ ಅಡುಗೆಕೋಣೆಗೆ ಅವಳು ಕಾಲಿಟ್ಟವಳಲ್ಲ, ಕುರ್ಚಿ ಆ ಬಾಗಿಲಲ್ಲಿ ಹಿಡಿಯುವುದೇ ಇಲ್ಲ. ಅವರ ಅಂಗಿಯ ಗುಂಡಿ ಹೊಲಿದುಕೊಟ್ಟಳು, ಎಡಗೈಯಲ್ಲಿ. ಮೊದಮೊದಲು ಮನೆಗೆ ಬಂದು ಮಂಚದ ಮೇಲೆ ಮಲಗಿಸಿದರೆ ನಮ್ಮ ಅಮ್ಮನೇ ಆಗುತ್ತಿದ್ದಳು, ದಿಂಬು ಸರಿಯಿಲ್ಲ ಎಂದು ಬೈಯುತ್ತಿದ್ದಳು. ಈಗ ಮಂಚದ ಮೇಲೂ ಸುಮ್ಮನೆ ನಗುತ್ತಾಳೆ. ‘ನಿಮಗೆ ತೊಂದರೆ ಕೊಡ್ತಿದ್ದೀನಿ’ ಅನ್ನುತ್ತಾಳೆ. ನನಗೆ, ನೀವು ತಾವು! ಗುಬ್ಬೀ, ಈ ಮನೆಯಲ್ಲಿ ಬೈಗುಳ ಕೇಳಿ ಎಷ್ಟು ಕಾಲವಾಯಿತೋ. ಬೇಕೆಂದೇ ಚಹಾ ಚೆಲ್ಲಿದೆ, ಬೇಕೆಂದೇ ಅವಳ ಜಡೆ ಸೊಟ್ಟಗೆ ಹಾಕಿದೆ. ಪರವಾಗಿಲ್ಲಮ್ಮಾ ಅಂದಳು. ಡಾಕ್ಟರು ಬಿಟ್ಟುಹೋದ ಆ ಇಪ್ಪತ್ತೈದನ್ನು ಯಾರು ತೆಗೆದುಕೊಂಡರು?

ನಿನ್ನ ಕಿವಿಗೆ ಇದು ವಯಸ್ಸಿನ ಅರಳುಮರಳು ಎಂದೇ ಕೇಳಿಸುತ್ತದೆ, ಗೊತ್ತು. ನಾನೂ ಹಾಗೇ ಅಂದುಕೊಳ್ಳಲು ಎಷ್ಟು ಒದ್ದಾಡಿದೆ. ಹೋದ ವಾರ ಮನಸ್ಸು ತಡೆಯದೆ, ಅಮ್ಮ ಕುರ್ಚಿಯಲ್ಲಿ ತೂಕಡಿಸುತ್ತಿದ್ದಾಗ, ಆ ಮುದುಕರಿಗೆ ಹೇಳಿಬಿಟ್ಟೆ: ಅಜ್ಜಾ, ತಪ್ಪು ತಿಳಿಯಬೇಡಿ, ಇವರು ನಿಮ್ಮ ಮನೆಯವರಲ್ಲ, ನಮ್ಮಮ್ಮ. ಅವರು ನನ್ನ ದನಿಯ ಕಡೆ ಮುಖ ತಿರುಗಿಸಿದರು. ‘ಕಣ್ಣು ಹೋಗಿದೆ ಮಗಳೇ, ಬುದ್ಧಿ ಹೋಗಿಲ್ಲ. ಮೊದಲನೇ ದಿನ ಬಂದವರು ನಿಮ್ಮಮ್ಮನೇ. ಟಿಕೆಟ್ ಇಲ್ಲದೆ ಹತ್ತಿದವರ ದನಿ ನನಗೆ ಗೊತ್ತಾಗೋದಿಲ್ವಾ? ಈಗ ಬರ್ತಿರೋರು ನಿಮ್ಮಮ್ಮ ಅಲ್ಲ’ ಅಂದರು. ‘ಹಾಗಾದ್ರೆ ಬರಬೇಡಿ ಅನ್ನಿ ಅಜ್ಜಾ’ ಅಂದೆ. ಅವರು ಖಾಲಿ ಕಪ್ಪನ್ನು ತಡವಿ, ಹಿಡಿಕೆ ಎಡಕ್ಕಿದೆಯೇ ಎಂದು ನೋಡಿಕೊಂಡು, ‘ಅಷ್ಟು ಗಟ್ಟಿ ಗುಂಡಿಗೆ ನನಗಿಲ್ಲ’ ಅಂದರು. ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ ನೋಡು.

ಆ ಚಕ್ರ ತೆಗೆಸಬೇಕು, ಅದೊಂದೇ ದಾರಿ. ಸ್ಪ್ಯಾನರ್ ಮಾಮನ ಹತ್ತಿರ ಹೋಗಿದ್ದೆ, ಅವನು ನಾನು ಹೇಳಿದ ಯಾವುದಕ್ಕೂ ನಗಲಿಲ್ಲ, ಅದೇ ನನಗೆ ಹೆಚ್ಚು ಭಯವಾದದ್ದು. ‘ಅವರು ಹೂಂ ಅಂದ್ರೆ ಒಂದು ಗಳಿಗೆ ಕೆಲಸ’ ಅಂದ. ಅಮ್ಮ ಹೂಂ ಅನ್ನುತ್ತಿಲ್ಲ. ಚಕ್ರದ ಮಾತೆತ್ತಿದರೆ ಕುರ್ಚಿಯ ತೋಳನ್ನು ಹಿಡಿದುಕೊಳ್ಳುತ್ತಾಳೆ, ಮುಖದಲ್ಲಿ ನಗು ಹಾಗೇ ಇರುತ್ತದೆ. ಇತ್ತ ತಿಂಗಳ ಕೊನೆಗೆ ಕಚೇರಿಯಲ್ಲಿ ವರ್ಷದ ತಪಾಸಣೆ. ಅಲ್ಲಿ ಕೂರಿಸಿ ಕೇಳುತ್ತಾರೆ: ನೀವು ಯಾರು, ಯಾರ ಜೊತೆ ಇದ್ದೀರಿ, ಮಕ್ಕಳೆಷ್ಟು ಜನ. ಆ ಬಾಯಿಯಿಂದ ಇನ್ನೊಬ್ಬರ ಹೆಸರು ಬಂದರೆ? ಬೇರೆಯವರ ಪಾಲಿನ ನೆರವು ತಿನ್ನುತ್ತಿದ್ದಾರೆ ಎಂದು ಎಲ್ಲವನ್ನೂ ನಿಲ್ಲಿಸುತ್ತಾರೆ, ಕುರ್ಚಿಯನ್ನೂ ಎಳೆದುಕೊಂಡು ಹೋಗುತ್ತಾರೆ, ನಾನು ಮತ್ತೆ ಹಗಲೆಲ್ಲ ಇಸ್ತ್ರಿಯ ಹಬೆಯಲ್ಲಿ, ಅವಳು ಮತ್ತೆ ಗೋಡೆಯ ಕಡೆಗೆ. ಚಕ್ರ ಬದಲಾಯಿಸಿದರೂ ಗೋಡೆಗೇ ತಿರುಗುತ್ತಾಳೋ ಏನೋ, ಅದೂ ಒಂದು ಹುಳ ತಲೆಯಲ್ಲಿ ಕೊರೆಯುತ್ತಿದೆ. ಆದರೂ ಗೋಡೆ ನೋಡುವವಳು ನಮ್ಮ ಅಮ್ಮನಾಗಿದ್ದರೆ ಸಾಕು ಎಂಬಲ್ಲಿಗೆ ಬಂದಿದ್ದೇನೆ. ನೀನು ಚಿಕ್ಕವಳಿದ್ದಾಗ ಕೊರಳಿಗೆ ಜೋತುಬಿದ್ದು ಕೇಳಿದ ಯಾವುದಕ್ಕೂ ಅವಳು ಇಲ್ಲ ಅಂದವಳಲ್ಲ. ನನಗೆ ಮಾತ್ರ ಪೆಟ್ಟು. ರಜೆ ಕೇಳಿ ಬಾರೇ. ಬಂದು ಎದುರಿಗೆ ಕೂತು ಒಂದು ಹೂಂ ಅನ್ನಿಸು. ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಕೋಣೆಯ ಗೆಳತಿಯರಿಗೆಲ್ಲ ನಾನು ಕೇಳಿದೆ ಎಂದು ಹೇಳು. ಬರುವಾಗ ಬಸ್ಸಿನ ಕಿಟಕಿಯಿಂದ ಕೈ ಹೊರಗೆ ಹಾಕಬೇಡ. ಎಲ್ಲಿದ್ದರೂ ತಣ್ಣಗಿರು, ಅಂದರೆ ಮನಸ್ಸು ತಣ್ಣಗಿರಲಿ, ಕೈಯಲ್ಲ. ದೇವರು ನಿನ್ನನ್ನು ಕಾಪಾಡಲಿ.

ಇತಿ,
ನಿನ್ನ ಚಿಂತೆಗಂಟು ಅಕ್ಕ

ಆಮೇಲೆ ಸೇರಿಸಿದ್ದು: ಕಾಗದ ಮಡಚಿ ಅಂಟು ಹಚ್ಚುವಷ್ಟರಲ್ಲಿ ಸ್ಪ್ಯಾನರ್ ಮಾಮ ಪಾಪ ರಜೆಯ ದಿನವೂ ಹೊಸ ಚಕ್ರ ಚೀಲದಲ್ಲಿ ಹಾಕಿಕೊಂಡು ತಾನೇ ಬಂದ. ಇನ್ನು ನೀನು ಬರುವವರೆಗೂ ಕಾಯುವುದು ಬೇಡವೆಂದು ನಾನೇ ಅಮ್ಮನ ಎದುರು ಮಂಡಿಯೂರಿದೆ, ನೀನು ಮಾಡುತ್ತಿದ್ದ ಹಾಗೆ ಕೊರಳಿಗೆ ಕೈ ಹಾಕಿ, ಅಮ್ಮಾ ಒಂದು ಸಲ ಹೂಂ ಅನ್ನೇ ಅಂದೆ. ಅವಳು ನನ್ನ ತಲೆ ಸವರಿದಳು, ಎಡಗೈಯಲ್ಲಿ. ‘ಅಳಬೇಡಿಯಮ್ಮಾ. ನಿಮ್ಮಮ್ಮ ವಾಪಸು ಬಂದರೆ ಹೇಳಿ, ಕುರ್ಚಿ ನನ್ನ ಹತ್ತಿರ ಜೋಪಾನವಾಗಿದೆ ಅಂತ’ ಅಂದಳು. ಮಾಮ ಚೀಲದ ಬಾಯಿ ಕಟ್ಟಿಕೊಂಡು ಹೊರಟುಹೋದ. ಗುಬ್ಬೀ, ಹೂಂ ಅನ್ನಿಸುವುದಕ್ಕೆ ಬರಬೇಡ. ಅವಳನ್ನು ಹುಡುಕುವುದಕ್ಕೆ ಬಾ.