ಹರ್ಷದಾ ‘ಹೋಗ್ತೀನಿ’ ಅಂದಳು

೮ ಆಗಸ್ಟ್ ೨೦೦೪, ಭಾನುವಾರ

ಹರ್ಷದಾಳೇ ದ್ರೋಹಿ ಇರಬೇಕು. ಆಟದಲ್ಲಿ.

ಅಬಿಡ್ಸ್ ಫುಟ್‌ಪಾತಿನಲ್ಲಿ ಕೊಂಡ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಮುಂದುವರಿಸುವ ಆಟದ ಪುಸ್ತಕದ ಪ್ರಕಾರ ಸಾಹಸಕ್ಕೆ ಹೊರಡುವ ತಂಡದಲ್ಲಿ ಒಬ್ಬ ಯೋಧ, ಒಬ್ಬ ಮಾಂತ್ರಿಕ ಇರಲೇಬೇಕು. ನಮ್ಮಲ್ಲಿ ಕತ್ತಿ ಹಿಡಿದವರೇ ಇಲ್ಲ. ಹರ್ಷದಾ ಸೂಲಗಿತ್ತಿ, ಪ್ರಹ್ಲಾದ ಅಡುಗೆಯವ, ನಾನು ಊರವರ ಪತ್ರ ಬರೆದುಕೊಡುವವಳು. ಆಟ ನಡೆಸುವ ಆಶಿಷ್ ಆಫೀಸಿನಲ್ಲಿ ನಾವು ಬರೆದ ಪ್ರತಿ ಪ್ರೋಗ್ರಾಮಿಗೂ ತಕರಾರು ತೆಗೆಯುತ್ತಾನೆ. ಇದಕ್ಕೆ ಮಾತ್ರ ಸುಮ್ಮನೆ ಒಪ್ಪಿದ. ಆಗಲೇ ನನಗೆ ಅನುಮಾನ ಬಂದಿತ್ತು.

ಇವತ್ತು ದಿಲ್‌ಸುಖ್‌ನಗರದ ಅವನ ಮನೆಯಲ್ಲಿ ಮೂವರಿಗೂ ಮಡಿಸಿದ ಚೀಟಿ ಕೊಟ್ಟ. "ನಿಮ್ಮೊಳಗ ಒಬ್ರು ರಾಕ್ಷಸನ ಕಡೆಯವರದಾರ." ನನ್ನ ಚೀಟಿ ಖಾಲಿ ಇತ್ತು.

ಕಥೆಯಲ್ಲಿ ನಾವು ಗವಿಯ ಬಾಯಿಗೆ ಬಂದಾಗ ಹರ್ಷದಾ ಎದ್ದು ನಿಂತು, "ಒಳಗ ಏನೈತಿ ನೋಡಾಕ ನಾ ಹೋಗ್ತೀನಿ" ಅಂದಳು. ನಮ್ಮ ಮನೆಗಳಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ಬೇಗಂ ಬಜಾರಿಗೆ ಬೆಲ್ಲ ತರಲು ಹೊರಟವರೂ "ಬರ್ತೀನಿ" ಅಂತಲೇ ಹೊರಡುತ್ತಾರೆ. ಹೋಗ್ತೀನಿ ಅನ್ನುವವರು ತಿರುಗಿ ಬರುವವರಲ್ಲ.

ಬಂದಳು, ನಿಜ. ಕಥೆಯ ದಾರಿಯಲ್ಲಿ ನನಗಾಗಿದ್ದ ಗಾಯಕ್ಕೆಂದು ಕಷಾಯವನ್ನೂ ತಂದಳು. ನಾನು ಕುಡಿಯಲಿಲ್ಲ, ಪತ್ರ ಬರೆಯುವವಳು ಅಲ್ಲೇ ಸತ್ತಳು.

"ನನ್ನ ಮ್ಯಾಲ ಇಷ್ಟೂ ಭರೋಸಾ ಇಲ್ಲೇನ?" ಅಂದಳು ಹರ್ಷದಾ. ಅದು ಸೂಲಗಿತ್ತಿಯ ದನಿಯಾಗಿರಲಿಲ್ಲ. ನಾನು ಚೀಲ ಹೆಗಲಿಗೇರಿಸಿ ಎದ್ದೆ.

ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಸಿಟ್ಟಿನಲ್ಲಿ, ಅವಳಿಗೆ ನಾನು ಹೇಳಿದ್ದು ಅದೇ ಮಾತು: "ನಾ ಹೋಗ್ತೀನಿ."

ಅವಳು ತಟ್ಟನೆ ತಲೆಯೆತ್ತಿ ನೋಡಿದ್ದಳು.

ಅಷ್ಟೊತ್ತಿಗೆ ಆಟ ಮುಗಿದಿತ್ತು.